ಲಾಡಬಿ ಬಾಯಿ ಬಿಡದ ದಿನ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಲಾಡಬಿಯ ಬಾಯಿಗೆ ಹೆದರದವರಿರಲಿಲ್ಲ. ಗಂಡ ಸತ್ತ ಮೇಲೆ ಕಂಡಕಂಡವರ ಮಗ್ಗಕ್ಕೆ ನೂಲು ಸುತ್ತಿಕೊಟ್ಟು ಮಗ ಜಾಫರಸಾಬನನ್ನು ದೊಡ್ಡವನನ್ನಾಗಿ ಮಾಡಿದವಳು. ಯಾರ ಮುಲಾಜೂ ಇಟ್ಟುಕೊಂಡವಳಲ್ಲ. ಅಂಥ ಬಾಯಿ, ಸುಡಲಿ ಅದನ್ನ, ಬಿಡಬೇಕಾದ ಹೊತ್ತಿಗೇ ಬಿಡಲಿಲ್ಲ.

ಮೊಮ್ಮಗ ಜಲಾಲುದ್ದೀನನಿಗೆ ಮೂರು ತುಂಬಿದರೂ ನಾಲಿಗೆ ತಿರುಗಿರಲಿಲ್ಲ. ಹಾಗಂತ ಬಾಯಿಗೆ ಬಂದದ್ದು ಅನ್ನುತ್ತಿದ್ದನೆಂದಲ್ಲ, ಅವನ ತೊದಲಿಗೂ ಒಂದು ಲೆಕ್ಕಾಚಾರವಿತ್ತು. ಕ ಬರುವಲ್ಲಿ ತ, ರ ಬರುವಲ್ಲಿ ಲ, ಜ ಬರುವಲ್ಲಿ ದ. ಕೋಳಿ ತೋಳಿ ಆಗುತ್ತಿತ್ತು, ರೊಟ್ಟಿ ಲೊಟ್ಟಿ. ಹೆಸರು ಕೇಳಿದರೆ "ದಲಾಲ" ಅನ್ನುವನು. ಸೀರೆ ಕೊಳ್ಳಲು ಬಂದ ವ್ಯಾಪಾರಿಗಳು "ಏನ್ರಿ ದಲಾಲ್ರ, ಸೀರಿ ಹೆಂಗ ಕೊಡಸ್ತೀರಿ?" ಎಂದು ಕಾಡಿಸಿದರೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವನು. ಅವನಂದದ್ದೆಲ್ಲ ಲಾಡಬಿಗೆ ಸಲೀಸಾಗಿ ತಿಳಿಯುತ್ತಿತ್ತು. ಓಣಿಯವರಿಗೆ ಬಿಡಿಸಿ ಹೇಳುವಾಗ ಅವಳ ಮುಖದಲ್ಲಿ ಒಂದು ಗತ್ತು.

ಆ ಗತ್ತನ್ನು ಕಂಡರೆ ಸೊಸೆ ಮಲಿಕಾಗೆ ಮೈ ಉರಿಯುತ್ತಿತ್ತು. ಹಡೆದವಳು ತಾನು. ಮಗ ಏನು ಬೇಡಿದನೆಂದು ಅತ್ತೆಯನ್ನು ಕೇಳಿ ತಿಳಿಯಬೇಕೆಂದರೆ ಯಾವ ತಾಯಿ ಸಹಿಸಿಯಾಳು?

ಆ ವರ್ಷ ಪ್ಲೇಗು ಬಂತು. ಜನ ಮನೆಗೆ ಬೀಗ ಹಾಕಿ ಹುನಗುಂದದ ದಾರಿಯ ಹೊಲಗಳಲ್ಲಿ ಜೋಪಡಿ ಹಾಕಿಕೊಂಡರು. ಬೇನೆ ತಲೆನೋವಿನಿಂದಲೇ ಶುರುವಾಗುತ್ತದೆಂದು ಎಲ್ಲರಿಗೂ ಗೊತ್ತು. ಸಂಶಯ ಬಂದರೆ ಸಾಕು, ಸರಕಾರದವರು ಒಯ್ದು ರೋಗಿಗಳ ಚಪ್ಪರದಲ್ಲಿ ಕೂಡಿಹಾಕುತ್ತಿದ್ದರು. ಹೋದವರು ತಿರುಗಿ ಬಂದದ್ದು ಕಡಿಮೆ. ಅದಕ್ಕೇ ಮನೆಯವರು ಬೇನೆ ಬಿದ್ದವರನ್ನು ಬಚ್ಚಿಟ್ಟು ಸುಳ್ಳು ಹೇಳುತ್ತಿದ್ದರು.

ಒಂದು ಮುಂಜಾನೆ ಜಲಾಲ ಓಡಿಬಂದು ಮಲಿಕಾಳ ಸೆರಗು ಜಗ್ಗಿ "ತಾಯಿ, ತಾಯಿ" ಅಂದ. ಅವಳು ಹಿಗ್ಗಿ ಹೀರೆಕಾಯಾದಳು. ಎತ್ತಿಕೊಂಡು "ಏನಂದಿ ನನ ಕೂಸ? ತಾಯಿ ಅಂದೀ?" ಎಂದು ಮುದ್ದಾಡಿದಳು. ಹುಡುಗ ಕಿರುಚಿ ಕೆಳಗಿಳಿದ.

ಲಾಡಬಿ ಹೊಟ್ಟೆ ಹಿಡಿದು ನಕ್ಕಳು. "ನಿನ್ನ ಕರದಿಲ್ಲವಾ ಅಂವ. ಕಾಯಿ ಬೇಡ್ಯಾನ, ಸೌತೀಕಾಯಿ!"

ಮಲಿಕಾಳ ಕಣ್ಣಲ್ಲಿ ನೀರು ಬಂತು. "ನೀವ ತೊದಲ ಮಾತಾಡಿ ನನ್ನ ಮಗನ ಬಾಯಿ ಕೆಡಿಸೀರಿ. ಇನ್ನ ಮ್ಯಾಲೆ ಅಂವ ಮಾತಾಡಿದಾಗ ನಡುವ ಬಾಯಿ ಹಾಕಿದ್ರ ನನ್ನ ಆಣಿ ಐತಿ ನೋಡ್ರಿ!" ಎಂದವಳೇ ಮೈಲಿಗೆ ಬಟ್ಟೆಯ ಗಂಟು ಹೊತ್ತು ಕೆರೆಗೆ ಹೋದಳು.

"ಹಾಕೂದಿಲ್ಲ ಹೋಗ," ಅಂದಳು ಲಾಡಬಿ.

ಸ್ವಲ್ಪ ಹೊತ್ತಿಗೆ ಪ್ಲೇಗಿನ ಸಾಹೇಬ ಜವಾನನ ಜೊತೆ ಅವರ ಜೋಪಡಿಗೆ ಬಂದ. ದೊಡ್ಡವರು ಸುಳ್ಳು ಹೇಳುತ್ತಾರೆಂದು ಅವರು ಮೊದಲು ಮಕ್ಕಳನ್ನೇ ಕೇಳುವುದು. ಜವಾನ ಜಲಾಲನ ಗದ್ದ ಹಿಡಿದು "ನಿಮ್ಮವ್ವ ಎಲ್ಲೆ ಅದಾಳೋ?" ಅಂದ.

"ಅವ್ವ ತೆಲಿ," ಅಂದ ಹುಡುಗ.

ಕೆರಿಗೆ ಹೋಗಿದ್ದಾಳೆ ಅಂದದ್ದು ಅವನು. ಕೆರಿಯ ಕ ಹೋಗಿ ತ ಆಗಿತ್ತು, ರ ಹೋಗಿ ಲ ಆಗಿತ್ತು. ಆದರೆ ಆ ಕಡೆ ತಲೆಗೆ ತೆಲಿ ಅನ್ನುತ್ತಾರಲ್ಲ! ಜವಾನ ಸಾಹೇಬನ ಮುಖ ನೋಡಿದ. "ತೆಲಿ ನೋಸಾಕ ಹತ್ತೈತೇನು ನಿಮ್ಮವ್ವಗ?" ಎಂದು ಕೇಳಿದರೆ ಹುಡುಗ ಹೂಂ ಅಂದ. ಮೂರು ವರ್ಷದ ಮಕ್ಕಳು ಏನು ಕೇಳಿದರೂ ಹೂಂ ಅನ್ನುತ್ತವೆ.

"ಏನಬೇ ಮುದುಕಿ, ಖರೇನು?"

ಲಾಡಬಿಯ ನಾಲಿಗೆ ತುದಿಯಲ್ಲೇ ಇತ್ತು ಮಾತು. ಆದರೆ ಬೆಳಗಿನ ಆಣೆ ಇನ್ನೂ ಬಿಸಿಯಾಗಿತ್ತು. ಬರಲಿ ಅವಳು, ನಾಲ್ಕು ಮಂದಿಯ ಮುಂದೆ ತಬ್ಬಿಬ್ಬಾಗಲಿ, ಅತ್ತೆಯ ಬಾಯಿ ಯಾಕೆ ಬೇಕೆಂದು ಒಂದು ಸಲ ತಿಳಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡಳು. "ನನ್ನ ಯಾಕ ಕೇಳ್ತೀರಿ? ಅವರವ್ವ ಬರ್ತಾಳ, ಆಕಿನ್ನ ಕೇಳ್ರಿ," ಅಂದಳು.

ಮಲಿಕಾ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಏದುಸಿರು ಬಿಡುತ್ತಿದ್ದಳು, ಒದ್ದೆ ಬಟ್ಟೆಯ ಗಂಟು ತಲೆಯ ಮೇಲಿತ್ತು. ಜಲಾಲ ಆ ಗಂಟಿನ ಕಡೆ ಬೆರಳು ಮಾಡಿ ಕುಣಿಯುತ್ತ "ತೆಲಿ! ತೆಲಿ!" ಅಂದ.

ಇನ್ನೇನು ಬೇಕು? ಹಿಡಿದೇ ಬಿಟ್ಟರು. "ಕೆರಿಗೆ ಹೋಗಿದ್ನಿರಿ, ನನಗೇನೂ ಆಗಿಲ್ರಿ" ಎಂದು ಅವಳು ಬಡಬಡಿಸಿದಳು. ಲಾಡಬಿ ಓಡಿಹೋಗಿ ಸಾಹೇಬನ ಕಾಲಿಗೆ ಬಿದ್ದಳು. "ಹುಡುಗ ಕೆರಿ ಅಂದಾನ್ರಿ ಸಾಹೇಬ್ರ, ಅವನ ನಾಲಿಗಿ ತಿರುಗೂದಿಲ್ರಿ!"

"ಆಗ ಬಾಯಾಗ ಏನ ಇಟಗೊಂಡಿದ್ದಿ?" ಎಂದ ಜವಾನ. ಅವನು ಅಂಥ ಸುಳ್ಳು ದಿನಾ ಕೇಳುವವನು. ಮಲಿಕಾ ಮಾತ್ರ ಅತ್ತೆಯ ಕಡೆ ತಿರುಗಿ ನೋಡಿದಳು.

ಚಪ್ಪರಕ್ಕೆ ಹೋಗುವಾಗ ಗಟ್ಟಿಮುಟ್ಟಾಗಿದ್ದ ಹೆಣ್ಣಿಗೆ ಬೇನೆ ಅಲ್ಲೇ ಅಂಟಿತು. ಹೆಣದ ಮುಖವನ್ನೂ ಮನೆಯವರಿಗೆ ತೋರಿಸಲಿಲ್ಲ. ಜಲಾಲ ಬಹಳ ದಿನ ಜೋಪಡಿಯ ಬಾಗಿಲಲ್ಲಿ ಕೂತು ಬಂದವರಿಗೆಲ್ಲ "ಅವ್ವ ತೆಲಿ" ಎಂದು ಹೇಳುತ್ತಿದ್ದ. ಅವನ ಮಾತನ್ನು ಲಾಡಬಿ ಯಾರಿಗೂ ಬಿಡಿಸಿ ಹೇಳಲಿಲ್ಲ.

ಜಲಾಲನಿಗೆ ಐದು ತುಂಬುವಷ್ಟರಲ್ಲಿ ನಾಲಿಗೆ ತಾನಾಗಿಯೇ ತಿರುಗಿತು. ಆದರೆ ಆ ದಿನ ಜೋಪಡಿಯಲ್ಲಿರದೆ ಜವಾನನ ಮಾತನ್ನೇ ನಂಬಿದ್ದ ಜಾಫರಸಾಬ ಸಿಟ್ಟು ಬಂದಾಗೆಲ್ಲ "ತೆಲಿ ನೋಸ್ತೈತಿ ಅಂತ ನೀ ಹೇಳಿದ್ದಕ್ಕ ನಿಮ್ಮವ್ವ ಹೋದ್ಲು" ಅನ್ನುತ್ತಿದ್ದ. ಹುಡುಗ ತಲೆ ತಗ್ಗಿಸುತ್ತಿದ್ದ. ಮೂಲೆಯಲ್ಲಿ ನೂಲು ಸುತ್ತುತ್ತ ಲಾಡಬಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದು ಮಾತು ಆಡಿದ್ದರೆ ಆ ಹುಡುಗನ ಎದೆ ಹಗುರಾಗುತ್ತಿತ್ತು. ಆಡಲಿಲ್ಲ.

ಜಲಾಲ ಮಗ್ಗಕ್ಕೆ ಕೂತ, ಅಪ್ಪನನ್ನು ಮಣ್ಣು ಮಾಡಿದ, ನಜಮಾಳನ್ನು ಮದುವೆಯಾದ. ಒಂದು ದಿನ ನೆರೆಮನೆಯ ಕಾಸಿಂಬಿ ಹೊಸ ಮದುಮಗಳನ್ನು ನಗಿಸಲೆಂದು "ನಿನ್ನ ಗಂಡ ಏನ ಕಡಿಮಿ ಅಂದಕೊಂಡೀ? ಕಾಯಿಗೆ ತಾಯಿ ಅಂತಿದ್ದ, ಕೆರಿಗೆ ತೆಲಿ ಅಂತಿದ್ದ!" ಅಂದಳು.

ಮಗ್ಗದ ಸದ್ದು ನಿಂತಿತು. ಜಲಾಲ ಎದ್ದು ಬಂದು ಅಜ್ಜಿಯ ಮುಂದೆ ಕೂತ.

"ನಾ ಕೆರಿ ಅಂದಿದ್ನೇನು ದಾದಿ, ಅವತ್ತು?"

"ಹೂಂ."

"ನಿನಗ ಆಗಲೇ ತಿಳಿದಿತ್ತೇನು?"

"ತಿಳಿದಿತ್ತಪ್ಪಾ."

ಅವನು ಬೈಯಲಿಲ್ಲ, ಹೊರಗೂ ಹಾಕಲಿಲ್ಲ. ಎದ್ದು ಹೋಗಿ ಮಗ್ಗಕ್ಕೆ ಕೂತ. ಅವತ್ತಿನಿಂದ ಅವಳ ಕೂಡ ಮಾತು ಬಿಟ್ಟ. ಊಟದ ಹೊತ್ತಿಗೆ ಮಗ್ಗದಲ್ಲಿ ಕೂತೇ "ಉಂಡಾಳೇನು ಕೇಳು" ಅನ್ನುವನು. ಲಾಡಬಿ ಎರಡೇ ಮೊಳ ಆಚೆ ಕೂತಿರುವಳು, ಅವನಂದದ್ದು ಅವಳಿಗೆ ಚೆನ್ನಾಗಿ ಕೇಳಿಸಿರುತ್ತದೆ. ಆದರೂ ನಜಮಾ ತಿರುಗಿ "ದಾದಿ, ಉಂಡ್ರೇನಂತ ಕೇಳ್ತಾರ್ರಿ" ಅನ್ನುವ ತನಕ ತಡೆದು, "ಉಂಡೇನಿ ಅಂತ ಹೇಳವಾ" ಅನ್ನುತ್ತಿದ್ದಳು.