ಕೈ ಹಿಡಿದವನ ಕೆಲಸ

ದೇವರನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ಅವನೊಬ್ಬನನ್ನೇ ನಂಬಿ ಕೂರುವ ಧೈರ್ಯ ಮಾತ್ರ ನನಗಿಲ್ಲ. ಚಿಕ್ಕೋಡಿಯಲ್ಲಿ ಕನ್ನಡ ಮಾಸ್ತರನಾದ ನಾನು ಶ್ರಾವಣ ಬಂತೆಂದರೆ ಊರೂರಿಗೆ ಹೋಗಿ ಶರಣಾಗತಿಯ ಮೇಲೆ ಭಾಷಣ ಮಾಡುತ್ತೇನೆ. ಜನ ತಲೆದೂಗುತ್ತಾರೆ, ಅರ್ಧ ಜನ ನಿದ್ದೆಯಲ್ಲಿ. ನನ್ನ ಭಕ್ತಿಗೆ ಅಷ್ಟು ಗೌರವ ಸಾಕು.

ಈ ಭಕ್ತಿಯ ಬಣ್ಣ ಬಯಲಾದದ್ದು ಯಡೂರಿನ ನನ್ನ ಸೋದರತ್ತೆ ಶಾಂತವ್ವನಿಂದ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಕಳೆದ ವರ್ಷ ಅವಳ ಹೃದಯದ ಆಪರೇಷನ್ ಆಗಬೇಕೆಂದು ಮಿರಜದ ಡಾಕ್ಟರು ಹೇಳಿದರು. ಕೂಡಲೇ ದೇವರಿಗೆ ಸಹಾಯಕರನ್ನು ಹುಡುಕಲು ಹೊರಟೆ. ವೀರಭದ್ರನ ಗುಡಿಯಿಂದ ಅಂಗಾರದ ಬೂದಿ ತಂದೆ. ಕುಡಚಿಯ ದರ್ಗಾದಿಂದ ತಾಯಿತ ತಂದೆ. ಕಬ್ಬೂರಿನ ಅಜ್ಜನೊಬ್ಬನಿಂದ ನಿಂಬೆಹಣ್ಣಿಗೆ ಮಂತ್ರ ಹಾಕಿಸಿ ತಂದೆ. ಒಬ್ಬ ಕೈಕೊಟ್ಟರೆ ಇನ್ನೊಬ್ಬನಿರಲಿ ಎಂಬುದು ನನ್ನ ಲೆಕ್ಕಾಚಾರ. ಇದಕ್ಕೆ ನಾವು ಭಕ್ತಿ ಎನ್ನುತ್ತೇವೆ, ನಾಚಿಕೆಯೂ ಆಗುವುದಿಲ್ಲ. ಅತ್ತೆ ಕೈ ಚಾಚಿ ಎಲ್ಲವನ್ನೂ ದಾರದಲ್ಲಿ ಕಟ್ಟಿಸಿಕೊಂಡಳು, ಮಕ್ಕಳ ಆಟಕ್ಕೆ ದೊಡ್ಡವರು ಒಪ್ಪಿದ ಹಾಗೆ.

ಆಪರೇಷನ್ನಿನ ದಿನ ಬೆಳಿಗ್ಗೆ ನರ್ಸಬಾಯಿ ಕತ್ತರಿ ಹಿಡಿದು ಬಂದಳು.

“ಅಂಗದ ಮ್ಯಾಲ ಏನೂ ಇರಬಾರ್ದ್ರಿ.”

ನಾನು ತಂದ ದಾರಗಳೆಲ್ಲ ಒಂದೊಂದಾಗಿ ಕಸದ ಡಬ್ಬಿಗೆ ಬಿದ್ದವು. ಉಳಿದದ್ದು ಅತ್ತೆಯ ಕೊರಳಿನ ಇಷ್ಟಲಿಂಗ. ಹುಟ್ಟಿದಂದಿನಿಂದ ಮೈಯಿಂದ ದೂರವಾಗದ ಲಿಂಗ.

“ಅದೊಂದನ್ನ ತೆಗಿಬ್ಯಾಡ್ರಿ,” ಎಂದು ನಾನು ಜಗಳಕ್ಕೇ ನಿಂತೆ. ನನ್ನ ದನಿಗೆ ಪಕ್ಕದ ವಾರ್ಡಿನವರು ಇಣುಕಿದರು.

ಅತ್ತೆ ತಾನೇ ಲಿಂಗವನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು, ನನ್ನ ಅಂಗೈಯಲ್ಲಿಟ್ಟಳು.

“ಒದರಬ್ಯಾಡೋ ಬಸು. ನಾ ಅವನ್ನ ಹಿಡಕೊಂಡೀನಿ ಅಂತ ತಿಳದಿ ಏನ? ಅಂವಾ ನನ್ನ ಹಿಡದಾನ. ಕೈ ಬಿಡೂದಿಲ್ಲ ಅಂತ ಮಾತು ಕೊಟ್ಟಾಂವ ಅಂವಾ. ಆ ಮಾತು ಉಳಿಸಿಕೊಳ್ಳೂದು ಅವನ ಕೆಲಸ.”

ಗಾಲಿಮಂಚ ಒಳಗೆ ಹೋಯಿತು. ಐದು ತಾಸು ನಾನು ಲಿಂಗ ಹಿಡಿದು ನಿಂತೆ. ಕೂತರೆ ಮೈಲಿಗೆಯಾದೀತು, ಕಿಸೆಯಲ್ಲಿಟ್ಟರೆ ಅಪಚಾರವಾದೀತು, ಬಚ್ಚಲಿಗೆ ಹೋಗುವ ಮಾತಂತೂ ದೂರ. ಜಗತ್ತನ್ನೇ ಹೊತ್ತವನು ನನ್ನ ಬೆವರಿದ ಬೆರಳುಗಳಿಂದ ಜಾರಿ ಬಿದ್ದರೆ ಗತಿಯೇನು ಎಂಬುದು ನನ್ನ ಚಿಂತೆ! ಶರಣಾಗತಿಯ ಭಾಷಣಕಾರನ ಅವಸ್ಥೆ ಅದು.

ಅತ್ತೆ ಉಳಿದಳು. ಮೂರನೆಯ ದಿನ ಎದ್ದು ಕೂತು ಗಂಜಿ ಕುಡಿದಳು. ಊರಿಗೆ ಫೋನು ಮಾಡಿದರೆ ಎಲ್ಲರದೂ ಒಂದೇ ಪ್ರಶ್ನೆ: ಯಾವ ದೇವರದು ನಡೀತು? ಚುನಾವಣೆಯಲ್ಲಿ ಯಾರು ಗೆದ್ದರೆಂದು ಕೇಳುವ ಧಾಟಿಯಲ್ಲೇ.

ನಾನು ಅತ್ತೆಯ ಹತ್ತಿರ ಸರಿದು ಕೂತೆ.

“ಅತ್ತಿ, ನೀ ಉಳಿದಿ, ಅಂವಾ ಕೊಟ್ಟ ಮಾತು ನಡೀತು. ಉಳೀಲಿಲ್ಲಂದ್ರ?”

“ಉಳಿಸ್ತೀನಿ ಅಂತ ಅಂವಾ ಎಲ್ಲಿ ಅಂದಾನ? ಬಿಡೂದಿಲ್ಲ ಅಂದಾನ. ಆ ಕಡೆ ಹೋಗಿದ್ರೂ ಅವನ ಕೈಯಾಗ ಇರ್ತಿದ್ನಿ.”

“ಹಂಗಾರ ನಿನಗ ಅಂಜಿಕಿ ಬರ್ಲೇ ಇಲ್ಲೇನ?”

ಅತ್ತೆ ನಕ್ಕಳು, ಹೊಲಿಗೆ ನೋಯುತ್ತಲೇ ಎದೆಗೆ ಕೈ ಹಚ್ಚಿಕೊಂಡಳು.

“ಬಂದಿತ್ತಲ್ಲೋ, ಹಲ್ಲು ಕಟಕಟ ಅಂತಿದ್ವು. ಅಂಜೂದು ನನ್ನ ಕೆಲಸ, ಕಾಯೂದು ಅವಂದು. ನಾ ಅಂಜಿದ್ನಿ ಅಂತ ಅಂವಾ ಯಾಕ ತನ್ನ ಕೆಲಸ ಬಿಟ್ಟಾನು?”