ಬೇಯಿಸಿದ ಅವರೆ ಹುಟ್ಟಿದ ವರ್ಷ

ಹೋದ ಸೋಮವಾರ ಬೆಳಿಗ್ಗೆ ಕುಕ್ಕರಿಗೆ ಐದೇ ಐದು ಅವರೆಕಾಳು ಹಾಕಿ, ನೀರು ಬಿಟ್ಟು, ಮುಚ್ಚಳ ಬಿಗಿದು ಒಲೆಯ ಮೇಲಿಟ್ಟೆ. ಮೂರು ಕೂಗಾದ ಮೇಲೆ ಮುಚ್ಚಳ ತೆಗೆಯುವಾಗ ನಮ್ಮ ಯಜಮಾನರು ಪೇಪರು ಕೆಳಗಿಟ್ಟು ಬಂದು ಬಗ್ಗಿ ನೋಡಿದರು. "ಅಲ್ಲ ಕಣೇ, ಇದರಲ್ಲಿ ನಂಗೆಷ್ಟು, ನಿಂಗೆಷ್ಟು?" ಎಂದು ಕೇಳಿದರು. ಬೆಂದ ಅವರೆಯ ಆ ಘಮಲು ಮೂಗಿಗೆ ಬಡಿದದ್ದೇ ತಡ, ಸೌಟು ಹಿಡಿದು ನಿಂತಲ್ಲೇ ನಗು ಬಂದುಬಿಟ್ಟಿತ್ತು.

ಬೆಂದ ಬೀಜ ಮೊಳೆಯುವುದಿಲ್ಲ ಎಂದು ನೀವೂ ಕೇಳಿರುತ್ತೀರಿ. ತಿಳಿದವರೆಲ್ಲ ಹೇಳಿದ್ದಾರೆ. ಆದರೆ ನಾನು ಮೊಳೆತದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಮೊಳೆತಿದೆ ಎಂದು ಸರ್ಕಾರಿ ಕಾಗದದ ಮೇಲೆ ಬರೆದು ಸಹಿಯನ್ನೂ ಹಾಕಿದ್ದೇನೆ. ನಗಬೇಡಿ, ಪೂರ್ತಿ ಕೇಳಿ.

ಅಜ್ಜಂಪುರ ತಾಲ್ಲೂಕಾಗುತ್ತದಂತೆ, ಆಗುವುದಿಲ್ಲವಂತೆ ಎಂದು ಬಸ್ಸಿನಲ್ಲಿ ಜನ ಪಂದ್ಯ ಕಟ್ಟುತ್ತಿದ್ದ ಕಾಲ ಅದು. ನಾನು ಬೀರೂರಿನಿಂದ ದಿನಾ ಬಸ್ಸು ಹಿಡಿದು, ಅಜ್ಜಂಪುರದಿಂದ ಚೌಳಹಿರಿಯೂರಿನ ಕಡೆಗಿರುವ ಒಂದು ಸಣ್ಣ ಹಳ್ಳಿಯ ಶಾಲೆಗೆ ಹೋಗುತ್ತಿದ್ದೆ. ಐದನೆಯ ತರಗತಿಗೆ ವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ತರಗತಿಯಲ್ಲಿ ಹನ್ನೊಂದು ಮಕ್ಕಳು, ಹನ್ನೊಂದೂ ರೈತರ ಮನೆಯವು. ನಾನೋ ತರೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಹೊಲದಲ್ಲಿ ನಿಲ್ಲಿಸಿ ಇದು ತೊಗರಿ ಗಿಡ ಎಂದರೆ ತೊಗರಿ, ಅವರೆ ಎಂದರೆ ಅವರೆ. ಹೇಳಿದವರ ಮೇಲೆ ನನಗೆ ಪೂರ್ಣ ವಿಶ್ವಾಸ.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು. ಪಾಠವನ್ನು ಬಾಯಲ್ಲಿ ಹೇಳಬಾರದು, ಮಕ್ಕಳು ಕೈಯಾರೆ ಮಾಡಿ ಕಲಿಯಬೇಕು, ಆಯಾ ಋತುವಿಗೆ ತಕ್ಕ ಚಟುವಟಿಕೆ ಇರಬೇಕು, ಫೋಟೋ ಕಡ್ಡಾಯ. ಬೇಸಿಗೆಯಲ್ಲಿ ನಾವು ಮದುವೆ ಕಾಗದಗಳಿಂದ ಬೀಸಣಿಗೆ ಮಾಡಿದ್ದೆವು. ಮೊದಲ ಮಳೆಗೆ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಮಳೆ ಅಳೆಯುವ ಮಾಪಕ ಮಾಡಿದೆವು. ಹೆಚ್ಚು ಮಳೆ ಬಿದ್ದರೆ ಹೆಚ್ಚು ಅಂಕ ಎಂದು ಮಕ್ಕಳಿಗೆ ಅದು ಹೇಗೋ ತೋಚಿತು. ಒಬ್ಬೊಬ್ಬರೂ ಆಚೀಚೆ ನೋಡಿ ಒಂದೊಂದು ಲೋಟ ನೀರು ಸುರಿದರು. ನಮ್ಮ ಶಾಲೆಯ ದಾಖಲೆ ನಂಬುವುದಾದರೆ ಆ ತಿಂಗಳು ಆಗುಂಬೆ ನಮ್ಮ ಮುಂದೆ ಏನೂ ಅಲ್ಲ. ಅಲ್ಲೇ ನಾನು ಬುದ್ಧಿ ಕಲಿಯಬೇಕಿತ್ತು, ಕಲಿಯಲಿಲ್ಲ.

ಮುಂದಿನ ಚಟುವಟಿಕೆ ಬೀಜ ಮೊಳೆಯುವುದು. "ನಾಳೆ ಎಲ್ಲರೂ ಮನೆಯಿಂದ ಅವರೆ ಬೀಜ ತನ್ನಿ. ಮಣ್ಣಿಗೆ ಹಾಕಿದರೆ ಏನಾಗುತ್ತೆ ಅಂತ ನೋಡೋಣ" ಎಂದೆ.

ಮುಂದಿನ ಸಾಲಿನ ತಿಪ್ಪೇಶ ಎದ್ದು ನಿಂತು, ಬಹಳ ಮೆತ್ತಗೆ, ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ ಕೇಳಿದ: "ಮಿಸ್, ಏನಾಯ್ತದೆ ಅಂತ ನಿಮಗ್ ಗೊತ್ತಿಲ್ವಾ?"

ಗೊತ್ತು, ಆದರೂ ನೋಡಬೇಕು ಎಂದೆ. ಅವನು ಪಕ್ಕದವನ ಮುಖ ನೋಡಿ ಕೂತ.

ಪುಸ್ತಕದಲ್ಲಿ ಇನ್ನೂ ಒಂದು ಮಾತಿತ್ತು. ಹೋಲಿಸಿ ನೋಡಲು ಒಂದು ಕುಂಡದಲ್ಲಿ ಮಾತ್ರ ಬೇಯಿಸಿದ ಬೀಜ ಹಾಕಬೇಕು, ಅದು ಮೊಳೆಯುವುದಿಲ್ಲ, ಆಗ ಬೀಜಕ್ಕೆ ಜೀವವಿದೆ ಎಂದು ಮಕ್ಕಳಿಗೆ ಮನದಟ್ಟಾಗುತ್ತದೆ. ಯಾರ ಬೀಜ ಬೇಯಿಸುವುದು? ಚೀಟಿ ಎತ್ತಿಸಿದೆ. ಬಂದದ್ದು ಸಿಂಚನಳ ಹೆಸರು. ಆ ಹುಡುಗಿ ಬೀಜವನ್ನು ಎಲೆಯಲ್ಲಿ ಸುತ್ತಿ, ಮೇಲೆ ಅರಿಸಿನ ಹಚ್ಚಿ ತಂದಿದ್ದಳು. ಐದು ಕಾಳು. ನಾನು ಅದನ್ನು ಅವಳ ಅಂಗೈಯಿಂದ ತೆಗೆದುಕೊಂಡು, ಹೋಗಿ ಬಿಸಿಯೂಟದ ಕುಕ್ಕರಿನಲ್ಲಿ ಬೇಯಿಸಿಬಿಟ್ಟೆ. ಈಗ ಬರೆಯುವಾಗ ಕೈ ತಡೆಯುತ್ತದೆ. ಆಗ ತಡೆಯಲಿಲ್ಲ.

ಸಿಂಚನಳ ಅಜ್ಜಿ ಹಾಲಮ್ಮನವರು ಆ ಊರಿಗೆಲ್ಲ ಅವರೆ ಬಿತ್ತನೆ ಕೊಡುವವರು. ಮುಂಗಾರಿನಲ್ಲಿ ರಾಗಿ ಸಾಲಿನ ನಡುವೆ ಅವರೆ ಹಾಕುವ ಹೊತ್ತಿಗೆ ಅರ್ಧ ಊರು ಅವರ ಬಾಗಿಲಿಗೆ ಬರುತ್ತಿತ್ತು. ಗಡಿಗೆಯಲ್ಲಿ ಬೂದಿ ಬೆರೆಸಿ ಇಟ್ಟ ಬೀಜವನ್ನು ಅವರು ಮೊರದಲ್ಲಿ ಹಾಕಿ ಪೂಜೆ ಮಾಡಿ, ಬಂದವರ ಟವೆಲಿಗೋ ಸೆರಗಿಗೋ ಸುರಿಯುತ್ತಿದ್ದರು. ಸುಗ್ಗಿಯಲ್ಲಿ ಅಷ್ಟೇ ಅಳತೆ, ಮೇಲೊಂದು ಹಿಡಿ ಹಿಂದಕ್ಕೆ ಕೊಟ್ಟರಾಯಿತು. ಇದೊಂದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತುಮಾಡಿಕೊಳ್ಳುವ ಚಟುವಟಿಕೆ ಸುತ್ತೋಲೆಯಲ್ಲಿರಲಿಲ್ಲ.

ಹನ್ನೊಂದು ಕುಂಡಗಳನ್ನು ಶಾಲೆಯ ಜಗಲಿಯ ಮೇಲೆ ಸಾಲಾಗಿ ಇಟ್ಟೆವು. ಫೋಟೋದಲ್ಲಿ ಕಾಣಲೆಂದು ಮಕ್ಕಳ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಜಗಲಿಯ ಮುಂದೆಯೇ ಡೇರಿಗೆ ಹೋಗುವ ದಾರಿ. ಬೆಳಿಗ್ಗೆ ಸಂಜೆ ಹಾಲಿನ ಕ್ಯಾನು ಹಿಡಿದು ಇಡೀ ಊರು ಅಲ್ಲೇ ಓಡಾಡಬೇಕು. ಐದನೆಯ ದಿನ ಹತ್ತು ಕುಂಡಗಳಲ್ಲಿ ಅವರೆ ಮಣ್ಣು ಒಡೆದು ಎದ್ದಿತು. 'ಸಿಂಚನ' ಎಂದು ಬರೆದ ಕುಂಡದಲ್ಲಿ ಇರುವೆ ಸಾಲುಗಟ್ಟಿತು.

ಆರನೆಯ ದಿನ ಹಾಲಮ್ಮನವರು ತರಗತಿಯ ಬಾಗಿಲಲ್ಲಿ ನಿಂತಿದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಖಾಲಿ ಕ್ಯಾನು. ಕುರ್ಚಿ ಕೊಟ್ಟರೆ ಕೂರಲಿಲ್ಲ.

"ಟೀಚರಮ್ಮ, ನಮ್ ಬೀಜಕ್ಕೆ ಏನ್ ಮಾಡುದ್ರಿ?"

"ಬೇಯಿಸಿದೆ ಅಜ್ಜಿ."

ಅವರು ಕ್ಯಾನು ಕೆಳಗಿಟ್ಟರು. "ಬಿತ್ನೆ ಬೀಜನ? ಬೇಯ್ಸುದ್ರಾ?"

"ಬೇಯಿಸಿದ ಬೀಜ ಹುಟ್ಟಲ್ಲ ಅಂತ ಮಕ್ಕಳಿಗೆ ತೋರಿಸಬೇಕಿತ್ತು."

"ಅದು ಯಾರಿಗ್ ಗೊತ್ತಿಲ್ಲ ನಮ್ಮೂರಾಗೆ?"

ಈ ಪ್ರಶ್ನೆಗೆ ಬಿ.ಇಡಿ.ಯಲ್ಲಿ ಉತ್ತರ ಹೇಳಿಕೊಟ್ಟಿಲ್ಲ. ಅವರು ದನಿ ಇಳಿಸಿ ಹೇಳಿದರು: "ನಮ್ಮತ್ತೆ ಕೈಯಿಂದ ಬಂದ ಬೀಜ ಕಣ್ರವ್ವ. ಉಪಾಸ ಮಲ್ಗಿದೀವಿ, ಆ ಗಡಿಗೆಗೆ ಕೈ ಇಕ್ಕಿಲ್ಲ. ಈಗ ನೋಡುದ್ರೆ, ಹಾಲಮ್ಮನ ಬೀಜ ಸತ್ತೋಗೈತೆ ಅಂತ ಡೇರಿ ತಾವ ಮಾತಾಡ್ತಾವ್ರೆ. ಈ ವರ್ಸ ಯಾರೂ ಬರ್ಲಿಲ್ಲ ಅಂದ್ರೆ ಅಲ್ಲಿಗ್ ಮುಗೀತು. ಬಂದೋರ್ ಕೈಗೆ ಬೀಜ ಕೊಡದೆ ನಾನ್ ಇದ್ದೇನ್ ಮಾಡ್ಲಿ?"

ತಪ್ಪು ತಿದ್ದಲು ಅಂದೇ ಆ ಕುಂಡಕ್ಕೆ 'ಬೇಯಿಸಿದ ಬೀಜ' ಎಂದು ಇನ್ನೊಂದು ಚೀಟಿ ಅಂಟಿಸಿದೆ. ಈಗ ಕುಂಡದ ಮೇಲೆ 'ಸಿಂಚನ, ಬೇಯಿಸಿದ ಬೀಜ' ಎಂದಾಯಿತು. ಮೂರೇ ದಿನದಲ್ಲಿ ಹಾಲಮ್ಮ ಹುಳ ಬೀಳದಿರಲೆಂದು ಬೀಜವನ್ನು ಬೇಯಿಸಿಯೇ ಗಡಿಗೆಗೆ ತುಂಬುತ್ತಾರೆ ಎಂಬ ಸುದ್ದಿ ಹಬ್ಬಿತು. ಬೀಜಕ್ಕೆ ಬಂದ ಒಬ್ಬಾತ ಗಡಿಗೆಯಿಂದ ಒಂದು ಕಾಳು ತೆಗೆದು ಕಚ್ಚಿ ನೋಡಿ, "ಇನ್ನೊಂದ್ ದಪ ಬತ್ತೀನಿ ಬುಡವ್ವ" ಎಂದು ಹೊರಟುಹೋದನಂತೆ. ಇನ್ನಿಬ್ಬರು ಅಜ್ಜಂಪುರದ ಅಂಗಡಿಯಿಂದ ಪ್ಯಾಕೆಟ್ ಬೀಜ ತಂದರು. ಸಿಂಚನ ಊಟದ ಹೊತ್ತಿನಲ್ಲಿ ನನ್ನ ಕಡೆ ನೋಡುವುದನ್ನೇ ಬಿಟ್ಟಳು.

ನಾನು ಮನೆಮನೆಗೆ ಹೋಗಿ ಹೇಳಲೇ ಎಂದು ಯೋಚಿಸುತ್ತಿರುವಾಗಲೇ ಆ ಕುಂಡದಲ್ಲಿ ಅವರೆ ಹುಟ್ಟಿತು. ಹುಟ್ಟಿದ್ದೆಂದರೆ ಹೇಗೆ! ಹಿಂದಿನ ಸಂಜೆ ಬರೀ ಮಣ್ಣು, ಬೆಳಿಗ್ಗೆ ಎರಡೆಲೆಯ ಸಸಿ. ಬುಡದಲ್ಲಿ ಚಿಟಿಕೆ ಬೂದಿ, ಪಕ್ಕದಲ್ಲಿ ಒತ್ತಿದ ಹೆಬ್ಬೆರಳಿನ ಗುರುತು. ನನಗೆ ತೊಗರಿ ಅವರೆ ತಿಳಿಯದಿದ್ದರೂ ಹೆಬ್ಬೆರಳು ತಿಳಿಯುತ್ತದೆ. ನಾನು ಸುಮ್ಮನೆ ನೀರು ಹಾಕಿದೆ.

ಊರು ಮಾತ್ರ ಸುಮ್ಮನಿರಲಿಲ್ಲ. ಸಂಜೆ ಡೇರಿಯ ಹೊತ್ತಿಗೆ ಜಗಲಿಯ ಮುಂದೆ ಗುಂಪು. "ಬೇಯ್ಸುದ್ರೂ ಹುಟ್ಟೈತಲ್ಲೋ!" "ಹಾಲಮ್ಮನ್ ಬೀಜ ಕಣಲೇ, ಹುರುದ್ರೂ ಹುಟ್ತದೆ."

ಎರಡು ದಿನಕ್ಕೆ ಸರಿಯಾಗಿ ಚಟುವಟಿಕೆ ಪರಿಶೀಲಿಸಲು ಮೇಲಿನಿಂದ ಸಾಹೇಬರು ಬಂದರು. ಸಾಲಾಗಿ ಕುಂಡ ನೋಡುತ್ತಾ ಬಂದವರು ಆ ಚೀಟಿಯ ಮುಂದೆ ನಿಂತರು. ಚೀಟಿ ಓದಿದರು. ಸಸಿ ನೋಡಿದರು. ಕನ್ನಡಕ ಒರೆಸಿ ಮತ್ತೆ ಓದಿದರು.

"ಮಕ್ಕಳೇ, ಇದರಿಂದ ಏನು ಕಲಿತಿರಿ?"

ಹನ್ನೊಂದು ಮಕ್ಕಳೂ ಒಂದೇ ದನಿಯಲ್ಲಿ, "ಬೇಯಿಸಿದ ಬೀಜವೂ ಹುಟ್ಟುತ್ತದೆ ಸಾರ್!" ಎಂದು ಕೂಗಿದವು.

ಸಾಹೇಬರು ನನ್ನ ಕಡೆ ತಿರುಗಿದರು. "ಎಷ್ಟು ಹೊತ್ತು ಬೇಯಿಸಿದ್ರಿ ಮೇಡಂ?"

"ಮೂರು ಕೂಗು ಸಾರ್."

"ಬೆಂದಿತ್ತಾ?"

"ಹಿಚುಕಿ ನೋಡಿದ್ದೆ ಸಾರ್. ಬೆಂದಿತ್ತು."

"ಉಪ್ಪು ಹಾಕಿದ್ರಾ?"

"ಇಲ್ಲ ಸಾರ್."

"ಹಾಂ" ಎಂದರು ಅವರು, ಕಾರಣ ಸಿಕ್ಕಿತೆಂಬಂತೆ. ಆದರೂ ಫಾರಂ ತೆಗೆದು, ಫಲಿತಾಂಶದ ಕಾಲಂ ತೋರಿಸಿ, "ಇಲ್ಲಿ ನೀವೇ ಬರೆದು ಸಹಿ ಹಾಕಿ" ಎಂದರು. ನಮ್ಮ ಹೆಡ್ ಮೇಷ್ಟ್ರು ಕಿವಿಯ ಹತ್ತಿರ ಬಂದು, "ಏನಾದ್ರೂ ಬರೀರಿ ಮಿಸ್, ಅವರು ಊಟಕ್ಕೆ ಕಡೂರಿಗೆ ಹೋಗ್ಬೇಕಂತೆ" ಎಂದರು.

ಯಾರೋ ಬೀಜ ಬದಲಾಯಿಸಿದ್ದಾರೆ ಸಾರ್ ಎನ್ನಲು ಬಾಯಿ ತೆರೆದೆ. ಆಗ ಗೇಟಿನ ಆಚೆ ಹಾಲಮ್ಮನವರು ಕಂಡರು. ಕ್ಯಾನನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಅವರ ಹಿಂದೆ ಹತ್ತು ಹದಿನೈದು ಜನ. ನಾನು ನಿಜ ಹೇಳಿದ್ದರೆ ವಿಜ್ಞಾನ ಉಳಿಯುತ್ತಿತ್ತು, ಆ ಮುದುಕಿ ಮತ್ತೆ ಯಾರ ಸೆರಗಿಗೂ ಬೀಜ ಹಾಕುವ ಹಾಗಿರಲಿಲ್ಲ. 'ಬೇಯಿಸಿದ ಬೀಜ: ಮೊಳೆತಿದೆ' ಎಂದು ಬರೆದು ಸಹಿ ಹಾಕಿದೆ. ಅಕ್ಷರ ಮಾತ್ರ ನನ್ನದರಂತಿರಲಿಲ್ಲ.

ಆಮೇಲೆ ಅವರ ಮನೆ ಮುಂದೆ ಸಾಲು. ತರೀಕೆರೆ ಕಡೆಯಿಂದ ಒಬ್ಬ ಬೈಕಿನಲ್ಲಿ ಬಂದು, ಬೇಯಿಸಿದರೂ ಹುಟ್ಟುವ ತಳಿ ಇದೆಯಂತಲ್ಲ ಎಂದು ವಿಚಾರಿಸಿದನಂತೆ. ಆ ವರ್ಷ ಊರ ಸುತ್ತ ಅವರೆ ಚೆನ್ನಾಗಿಯೇ ಬಂತು; ಅವರ ಬೀಜ ಮೊದಲಿಂದಲೂ ಚೆನ್ನಾಗಿಯೇ ಇತ್ತಲ್ಲ.

ಸಾಹೇಬರು ಬಂದುಹೋಗಿ ವಾರ ಕಳೆದ ಮೇಲೆ ಹಾಲಮ್ಮನವರು ಶಾಲೆಗೆ ಬಂದು, ಈ ಸಲ ಕುರ್ಚಿಯ ಮೇಲೆ ಕೂತು, ನನ್ನ ಮೇಜಿನ ಮೇಲೆ ಒಂದು ಸೇರು ಅವರೆಕಾಳಿನ ಗಂಟು ಇಟ್ಟರು. "ನೀವ್ ಬರ್ದಿದ್ದು ಗೇಟ್ ತಾವಿಂದ ನೋಡ್ದೆ" ಎಂದಷ್ಟೇ ಹೇಳಿ, ಗಂಟನ್ನು ನನ್ನ ಕಡೆ ತಳ್ಳಿದರು. "ಇದು ಬಿತ್ನೇದಲ್ಲ, ತಿನ್ನಾದು. ಇದ್ನ ಎಷ್ಟಾರ ಬೇಯ್ಸ್ಕಳಿ."

ನನಗೆ ಉಳಿದ ಚಿಂತೆ ಮಕ್ಕಳದು. ಹನ್ನೊಂದು ಮಕ್ಕಳಿಗೆ ಸುಳ್ಳು ಕಲಿಸಿದೆನಲ್ಲ ಎಂದು ನಿದ್ದೆ ಹತ್ತಲಿಲ್ಲ. ಒಂದು ದಿನ ಧೈರ್ಯ ಮಾಡಿ, "ನೋಡಿ ಮಕ್ಕಳೇ, ನಿಜವಾಗಿ ಬೇಯಿಸಿದ ಬೀಜ..." ಎಂದು ಶುರುಮಾಡಿದೆ.

ತಿಪ್ಪೇಶ ಎದ್ದು ನಿಂತ. "ಹುಟ್ಟಲ್ಲ ಮಿಸ್. ನಮಗೆಲ್ಲ ಗೊತ್ತು. ಅಜ್ಜಿ ಮೊಳ್ಕೆ ತಂದ್ ನೆಟ್ಟಿದ್ದೂ ನೋಡುದ್ವಿ."

"ಮತ್ತೆ ಸಾಹೇಬರ ಮುಂದೆ ಯಾಕೋ ಹಾಗೆ ಕೂಗಿದ್ರಿ?"

ಅವನು ಸಿಂಚನಳ ಕಡೆ ನೋಡಿದ. ಅವಳು ನೆಲ ನೋಡುತ್ತಾ ಹೇಳಿದಳು: "ನಿಮಗ್ ಗೊತ್ತಿಲ್ಲ ಅನ್ಕಂಡ್ವಿ ಮಿಸ್. ಎಲ್ರ ಮುಂದೆ ಹೇಳುದ್ರೆ ನಿಮಗ್ ಬೇಜಾರಾಗಲ್ವಾ?"

ನಾನು ಕಪ್ಪು ಹಲಗೆಯ ಕಡೆ ತಿರುಗಿ, ಏನೂ ಬರೆದಿರದ ಹಲಗೆಯನ್ನು ಬಹಳ ಹೊತ್ತು ಒರೆಸಿದೆ.

ಈಗ ನಾನು ದೇವನೂರಿನ ಕಡೆಯ ಇನ್ನೊಂದು ಶಾಲೆಯಲ್ಲಿದ್ದೇನೆ. ಇಷ್ಟು ವರ್ಷ ಬೀಜ ಬೇಯಿಸುವ ತಂಟೆಗೇ ಹೋಗಿರಲಿಲ್ಲ. ಈ ಸಲ ಸುತ್ತೋಲೆಯಲ್ಲಿ ಮತ್ತೆ ಅದೇ ಚಟುವಟಿಕೆ ಬಂತು. ಹೋದ ಸೋಮವಾರದ ಐದು ಕಾಳು ಅದಕ್ಕೇ. ತಿನ್ನುವ ಕಾಳನ್ನೇ ಬೇಯಿಸಿದ್ದು. ಕುಂಡಕ್ಕೆ ಅಂಟಿಸಿದ್ದು ನನ್ನದೇ ಹೆಸರು. ಏನು ಮಾಡಿದ್ದೇನೆ, ಏಕೆ ಹುಟ್ಟುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ಬಿಡಿಸಿ ಹೇಳಿದ್ದೆ. ಎಲ್ಲರೂ ತಲೆಯಾಡಿಸಿದ್ದರು.

ನಿನ್ನೆ ಶನಿವಾರ ಹೋಗಿ ನೋಡಿದರೆ ನನ್ನ ಕುಂಡದಲ್ಲಿ ಜಾಗವೇ ಇಲ್ಲ. ಎರಡು ಅವರೆ, ಒಂದು ಹುರುಳಿ, ಅಂಚಿನಲ್ಲಿ ಗರಿಯಂತೆ ನಾಲ್ಕಾರು ರಾಗಿ ಪೈರು. ತಿರುಗಿ ನೋಡಿದೆ. ಇಡೀ ತರಗತಿ ತಲೆ ಬಗ್ಗಿಸಿ ಮಗ್ಗಿ ಬರೆಯುತ್ತಿತ್ತು. ಮಗ್ಗಿ ಬರೆಯಿರೆಂದು ನಾನು ಹೇಳಿರಲಿಲ್ಲ.

ಫಾರಂ ತೆಗೆದು ಈ ಸಲ ಇದ್ದದ್ದನ್ನೇ ಬರೆದೆ: 'ಬೇಯಿಸಿದ ಬೀಜ ಮೊಳೆಯಲಿಲ್ಲ. ಟೀಚರರ ಕುಂಡ ಖಾಲಿಯಿರುವುದು ಮಕ್ಕಳಿಗೆ ಒಪ್ಪಿಗೆಯಾಗಲಿಲ್ಲ.' ಸಹಿ ಹಾಕುವಾಗ ಅಕ್ಷರ ಚೆನ್ನಾಗಿಯೇ ಬಂತು.