ನಡುನೀರಿನಲ್ಲಿ ನಿಲ್ಲುವ ಬೋಟು

ನಮ್ಮಪ್ಪನಿಗೆ ದೋಣಿಕಟ್ಟೆಯ ಜನ ಇಟ್ಟ ಹೆಸರು ಖಾತ್ರಿ. ಯಾರು ಏನೇ ಹೇಳಲಿ, ‘ಖಾತ್ರಿ ಏನು?’ ಎಂದು ಕೇಳದೆ ಅವನು ಮುಂದಕ್ಕೆ ಹೋಗುತ್ತಿರಲಿಲ್ಲ. ಡಾಕ್ಟರು ‘ನಿಮಗೆ ಏನೂ ಆಗಿಲ್ಲ’ ಎಂದಾಗಲೂ ಅದೇ ಪ್ರಶ್ನೆ. ಹಾಲಿನವನು ಅಳೆದುಕೊಟ್ಟು ಹೋದ ಹಾಲನ್ನು ಮನೆಯ ಲೋಟದಲ್ಲಿ ಮತ್ತೆ ಅಳೆಯುತ್ತಿದ್ದ. ನನ್ನನ್ನು ಆಸ್ಪತ್ರೆಯಿಂದ ಮನೆಗೆ ತರುವಾಗ, ಇದು ನಮ್ಮದೇ ಮಗು ತಾನೇ ಎಂದು ನರ್ಸನ್ನು ಬಾಗಿಲ ತನಕ ಹಿಂಬಾಲಿಸಿ ಕೇಳಿದ್ದನಂತೆ. ಅಮ್ಮ ಇದನ್ನು ನಗುನಗುತ್ತಾ ಹೇಳುತ್ತಿದ್ದಳು. ನನಗೆ ಇವತ್ತಿಗೂ ಅದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ.

ಅಪ್ಪ ಪೂರ್ತಿಯಾಗಿ ನಂಬಿದ್ದು ನಮ್ಮ ಬೋಟನ್ನು ಮಾತ್ರ. ಅವನಿಗಿಂತ ವಯಸ್ಸಾದ ಮರದ ಬೋಟು ಅದು, ಒಂದು ಕಾಲದಲ್ಲಿ ಪಂದ್ಯಗಳಲ್ಲಿ ಓಡಿದ್ದು. ಉದ್ದನೆಯ ಮೂತಿ, ಹಿತ್ತಾಳೆಯ ಅಂಚು, ಕೆಂಪಗೆ ಹೊಳೆಯುವ ಮೈ. ನಡುವೆ ಹಲಗೆಯ ಕೆಳಗೆ ಲಾರಿಗೆ ಹಾಕಬಹುದಾದಷ್ಟು ದೊಡ್ಡ ಪೆಟ್ರೋಲ್ ಎಂಜಿನ್. ಸರೋವರದಲ್ಲಿ ಹೊಸ ಪ್ಲಾಸ್ಟಿಕ್ ಬೋಟುಗಳು ಬೇಕಾದಷ್ಟಿದ್ದರೂ ಜನ ಸಾಲುಗಟ್ಟಿ ನಿಲ್ಲುತ್ತಿದ್ದದ್ದು ನಮ್ಮದಕ್ಕೆ. ವೇಗ ಕೊಟ್ಟರೆ ಮೂತಿ ಎತ್ತಿಕೊಂಡು ನೀರಿನ ಮೇಲೆ ಜಾರುತ್ತಿತ್ತು. ಬರುವಾಗ ಗಂಭೀರವಾಗಿದ್ದ ಹಿರಿಯರೂ ಇಳಿಯುವಾಗ ಕೂದಲು ಕೆದರಿಕೊಂಡು ಹಲ್ಲು ಕಿರಿಯುತ್ತಿದ್ದರು.

ಮರ, ವಾರ್ನಿಷ್, ಸ್ಟಿಯರಿಂಗ್ ಅಪ್ಪನದು. ಟಿಕೆಟ್ಟು, ಹಗ್ಗ, ಲೈಫ್ ಜಾಕೆಟ್ಟು ನನ್ನದು. ಎಂಜಿನ್ ಮಾವನದು. ಮಾವ ಅಂದರೆ ಅಮ್ಮನ ತಮ್ಮ. ಅಜ್ಜಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದನಂತೆ, ಅಮ್ಮನೇ ಸೊಂಟದ ಮೇಲೆ ಹೊತ್ತು ಸಾಕಿದವಳು. ಮದುವೆಯಾದಾಗ ತಮ್ಮನನ್ನೂ ಜೊತೆಗೇ ಕರೆದುಕೊಂಡು ಬಂದಳು. ಅವನಿಗೆ ಅಕ್ಕನ ಮನೆಯೇ ಮನೆ. ಊಟ ನಮ್ಮಲ್ಲಿ, ನಿದ್ದೆ ಬೋಟಿನ ಶೆಡ್ಡಿನ ಮೇಲಿನ ಕೋಣೆಯಲ್ಲಿ. ಮದುವೆಯ ಮಾತೆತ್ತಿದರೆ ಎಂಜಿನ್ನಿನ ಕಡೆ ಕೈ ತೋರಿಸಿ, ‘ಒಂದನ್ನೇ ಸುಧಾರಿಸೋಕೆ ಆಗ್ತಿಲ್ಲ’ ಎನ್ನುತ್ತಿದ್ದ.

ಅವನನ್ನು ಅನುಮಾನಿಸಲು ಅಪ್ಪನಿಗೆ ಕಾರಣವೇ ಬೇಕಿರಲಿಲ್ಲ, ಅಭ್ಯಾಸ ಸಾಕಿತ್ತು. ಶೆಡ್ಡಿನ ಗೋಡೆಗೆ ತೂಗುಹಾಕಿದ ಒಂದೊಂದು ಸ್ಪ್ಯಾನರಿನ ಸುತ್ತಲೂ ಬಣ್ಣದ ಗೆರೆ ಎಳೆದಿದ್ದ. ಯಾವುದಾದರೂ ಕಾಣೆಯಾದರೆ ಗೋಡೆಯೇ ಚಾಡಿ ಹೇಳಬೇಕು. ಮಾವ ಒಮ್ಮೆ ತನ್ನ ಚಪ್ಪಲಿಯನ್ನೂ ಮೊಳೆಗೆ ಸಿಕ್ಕಿಸಿ ಅದರ ಸುತ್ತ ಗೆರೆ ಎಳೆದಿಟ್ಟ. ಅದು ತಮಾಷೆ ಎಂದು ಅಪ್ಪನಿಗೆ ಹೊಳೆಯಲೇ ಇಲ್ಲ. ‘ಒಳ್ಳೇದೇ’ ಎಂದು ತಲೆಯಾಡಿಸಿ ಹೋದ.

ಆ ವರ್ಷ ಜನ ಹೆಚ್ಚು ಬಂದರು, ಬೋಟು ಹೆಚ್ಚು ಓಡಿತು, ಪೆಟ್ರೋಲೂ ಬೇಗ ಇಳಿಯಿತು. ಯಾರಿಗಾದರೂ ಅರ್ಥವಾಗುವ ಲೆಕ್ಕ. ಆದರೆ ಮಾವ ಬಟ್ಟಲಲ್ಲಿ ಒಂದಿಷ್ಟು ಪೆಟ್ರೋಲ್ ಹಿಡಿದು ಪ್ಲಗ್ ತೊಳೆಯುವುದು ಅಪ್ಪನ ಕಣ್ಣಿಗೆ ಬಿತ್ತು. ನಮ್ಮ ಕಣ್ಣೆದುರೇ ಬಟ್ಟಲಲ್ಲಿ ಹೋದರೆ, ಬೆನ್ನ ಹಿಂದೆ ಡಬ್ಬದಲ್ಲಿ ಎಷ್ಟು ಹೋಗುತ್ತಿರಬಹುದು ಎಂದು ಅವನ ತಲೆಯಲ್ಲಿ ಹುಳ ಹೊಕ್ಕಿತು. ಹಳೆ ಸಾಮಾನಿನ ಅಂಗಡಿಗೆ ಹೋಗಿ, ಯಾವುದೋ ಕಾರಿನ ಟ್ಯಾಂಕಿನ ಬೀಗದ ಮುಚ್ಚಳ ತಂದ. ಸಡಿಲವಾಗಬಾರದೆಂದು ಒಳಗೆ ರಬ್ಬರ್ ವಾಷರ್ ಬೇರೆ ಕೂರಿಸಿ, ಬೋಟಿನ ಟ್ಯಾಂಕಿಗೆ ಬಿಗಿದು, ಕೀಲಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ.

ಮಾರನೆಯ ಬೆಳಿಗ್ಗೆ ಮಾವ ಅದನ್ನು ನೋಡಿದ.

“ಇದು ನನಗಾ, ಭಾವ?”

“ಯಾರಿಗೂ ಅಲ್ಲ. ಸುಮ್ಮನೆ ಇರ್ಲಿ ಅಂತ.”

ಆ ಸಲ ಮಾವ ತಮಾಷೆ ಮಾಡಲಿಲ್ಲ. ಅಂದಿನಿಂದ ಟ್ಯಾಂಕಿನ ಹತ್ತಿರವೂ ಸುಳಿಯಲಿಲ್ಲ.

ಆ ವಾರದಲ್ಲೇ ಬೋಟು ನಿಲ್ಲಲು ಶುರುಮಾಡಿದ್ದು. ಕಟ್ಟೆಯಲ್ಲಿ ಸ್ಟಾರ್ಟ್ ಮಾಡಿದರೆ ಬೆಣ್ಣೆಯ ಹಾಗೆ ಓಡುವ ಎಂಜಿನ್, ನಡುನೀರಿಗೆ ಹೋಗಿ ಪೂರ್ತಿ ವೇಗ ಕೊಟ್ಟ ಸ್ವಲ್ಪ ಹೊತ್ತಿಗೆ ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ಬೀಗ ತೆಗೆದು, ಯಾರಾದರೂ ಪೆಟ್ರೋಲ್ ಕದ್ದಿದ್ದಾರಾ ಎಂದು ಟ್ಯಾಂಕಿಗೆ ಕೋಲು ಇಳಿಸಿ ನೋಡುವುದು. ಪೆಟ್ರೋಲ್ ಇರುತ್ತಿತ್ತು. ಮತ್ತೆ ಬೀಗ ಹಾಕಿ, ಬ್ಯಾಟರಿ ಇಳಿದೀತೆಂದು ಸ್ಟಾರ್ಟರ್ ಮುಟ್ಟದೆ, ಕಟ್ಟೆಯ ಕಡೆ ಟವೆಲ್ ಬೀಸುತ್ತಾ ಕೂರುತ್ತಿದ್ದ. ಮಾವ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಬಂದು, ಅಲ್ಲಿ ಇಲ್ಲಿ ಮುಟ್ಟಿ, ಸ್ಟಾರ್ಟರ್ ಒತ್ತಿದರೆ ಎಂಜಿನ್ ಸ್ಟಾರ್ಟ್ ಆಗುತ್ತಿತ್ತು.

“ಅವನು ಕೈ ಇಟ್ಟ ಕೂಡಲೇ ಹೇಗೆ ಸ್ಟಾರ್ಟ್ ಆಗುತ್ತೆ?” ಅಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. “ಕೆಡಿಸಿದವನಿಗೆ ತಾನೇ ಸರಿಮಾಡೋದು ಗೊತ್ತಿರೋದು?”

“ಮೆಕ್ಯಾನಿಕ್ಕು ಅಪ್ಪ ಅವನು. ಅವನಿಗೆ ಗೊತ್ತಿರದೆ ಪಕ್ಕದ ಮನೆಯವರಿಗೆ ಗೊತ್ತಿರುತ್ತಾ?”

“ನಿನಗೆ ಲೋಕ ಗೊತ್ತಿಲ್ಲ, ಸುಮ್ನಿರು.”

ಮಾವ ಪ್ಲಗ್ ಬದಲಿಸಿದ, ಪಂಪ್ ಬಿಚ್ಚಿ ಜೋಡಿಸಿದ, ಕಾರ್ಬುರೇಟರ್ ತೊಳೆದ. ಕೊನೆಗೆ ತಲೆ ಕೆರೆದುಕೊಂಡು, ಬಟ್ಟೆಗೆ ಕೈ ಒರೆಸುತ್ತಾ ಅಪ್ಪನ ಮುಂದೆ ನಿಂತ.

“ಎಂಜಿನ್‌ಗೆ ಪೆಟ್ರೋಲ್ ಬರ್ತಿಲ್ಲ ಅನ್ಸುತ್ತೆ, ಭಾವ. ಟ್ಯಾಂಕ್ ಒಂದ್ಸಲ ನೋಡ್ಬೇಕು. ಕೀಲಿ ಕೊಡಿ.”

“ಹೂಂ. ಸುತ್ತಿ ಬಳಸಿ ಅಲ್ಲಿಗೇ ಬಂದ್ಯಲ್ಲ.”

“ಎಲ್ಲಿಗೆ?”

“ಪೆಟ್ರೋಲ್ ಇದೆ. ನಾನೇ ಕಣ್ಣಾರೆ ನೋಡಿದೀನಿ. ಟ್ಯಾಂಕಿನ ವಿಷಯ ನಿನಗೆ ಬೇಡ.”

“ಆಯ್ತು. ನೀವಾಗಿ ಕೊಡೋವರೆಗೆ ನಾನಿನ್ನು ಕೇಳಲ್ಲ.”

ಹಟಮಾರಿತನದಲ್ಲಿ ಮಾವನೂ ಏನು ಕಮ್ಮಿಯಿಲ್ಲ. ಅಂದಮೇಲೆ ಆ ಮಾತು ಮುಗಿಯಿತು. ಅಪ್ಪ ನನ್ನ ಉಗುರುಬಣ್ಣದ ಬಾಟಲಿ ಎತ್ತಿಕೊಂಡು ಹೋಗಿ ಎಂಜಿನ್ನಿನ ಸ್ಕ್ರೂಗಳಿಗೆಲ್ಲ ಒಂದೊಂದು ಚುಕ್ಕೆ ಇಟ್ಟ. ಯಾರಾದರೂ ತಿರುಗಿಸಿದರೆ ಬಣ್ಣ ಒಡೆಯುತ್ತದೆಂಬ ಉಪಾಯ. ಮಾವ ರಿಪೇರಿಗೆಂದು ಬಿಚ್ಚಿದ, ಬಣ್ಣ ಒಡೆಯಿತು. ಬಿಚ್ಚದೆ ರಿಪೇರಿ ಮಾಡುವುದು ಹೇಗೆ ಎಂದು ನಾನು ಕೇಳಿದರೆ, ‘ನೀನು ಯಾರ ಕಡೆ?’ ಎಂದು ನನ್ನನ್ನೇ ಕೆಕ್ಕರಿಸಿ ನೋಡಿದ. ನನ್ನ ಉಗುರುಬಣ್ಣ ಹಾಳಾದ ಕೋಪವೂ ಸೇರಿ ನಾನು ಅವತ್ತು ಅಪ್ಪನ ಜೊತೆ ಊಟಕ್ಕೆ ಕೂರಲಿಲ್ಲ.

ಒಂದು ಭಾನುವಾರ ಬೋಟಿನ ತುಂಬ ಜನ. ಮಕ್ಕಳೂ ಇದ್ದರು. ದೊಡ್ಡ ಲಾಂಚ್ ಬರುವ ದಾರಿಗೆ ಅಡ್ಡಲಾಗಿ ಎಂಜಿನ್ ನಿಂತುಹೋಯಿತು. ಲಾಂಚಿನವನು ಹಾರ್ನ್ ಹೊಡೆಯುತ್ತಾ ಬರುತ್ತಿದ್ದಾನೆ, ನಮ್ಮದು ಮಿಸುಕುತ್ತಿಲ್ಲ. ನಾನು ಹುಟ್ಟು ಹಿಡಿದು ನೀರು ತಳ್ಳಿದೆ, ಕೂತವರು ಕೈಯಲ್ಲೇ ನೀರು ಎಳೆದರು. ಲಾಂಚಿನವನು ಕೊನೆ ಗಳಿಗೆಯಲ್ಲಿ ತಿರುಗಿಸಿಕೊಂಡ. ಅದರ ಅಲೆ ಬಡಿದು ನಮ್ಮ ಬೋಟಿನೊಳಗೆ ಮೊಣಕಾಲ ತನಕ ನೀರು. ಯಾರಿಗೂ ಏನೂ ಆಗಲಿಲ್ಲ. ಆದರೆ ಪಕ್ಕದಲ್ಲಿದ್ದ ಹೆಂಗಸು ತನ್ನ ಮಗುವನ್ನು ಅವಚಿಕೊಂಡು ಕಿರುಚಿದ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಕಟ್ಟೆಗೆ ಬಂದ ಅಪ್ಪ ಎಲ್ಲರ ಎದುರಿಗೆ ಮಾವನ ಕಡೆ ಬೆರಳು ಮಾಡಿದ.

“ಇವನೇ ಮಾಡ್ತಿರೋದು. ತಾನಿಲ್ಲದೆ ಈ ಬೋಟು ನಡೆಯಲ್ಲ ಅಂತ ತೋರಿಸ್ಬೇಕು ಇವನಿಗೆ. ಇವತ್ತು ಮಕ್ಕಳನ್ನ ಮುಳುಗಿಸ್ತಿದ್ದ.”

ಮಾವ ಶೆಡ್ಡಿನ ಮೇಲೆ ಹೋಗಿ ಬಟ್ಟೆಯ ಚೀಲ ತಂದ. ಸ್ಪ್ಯಾನರುಗಳನ್ನು ಗೋಡೆಯ ಮೇಲೆ ಅವುಗಳ ಗೆರೆಯೊಳಗೇ ಬಿಟ್ಟು, ಆ ಚೀಲವೊಂದನ್ನೇ ಹಿಡಿದು ಹೊರಟುಹೋದ.

ಮನೆಯಲ್ಲಿ ಅಮ್ಮ ಒಂದೇ ಮಾತು ಹೇಳಿದಳು. “ಅವನು ಅಂಥವನಲ್ಲ. ಎಂಥವನು ಅಂತ ಸಾಕಿದ ನನಗೆ ಗೊತ್ತು. ಅವನನ್ನ ಕರ್ಕೊಂಡು ಬರೋವರೆಗೆ ನನ್ನ ಮಾತಾಡಿಸ್ಬೇಡಿ.” ಆಮೇಲೆ ನಿಜವಾಗಿಯೂ ಮಾತು ಬಿಟ್ಟಳು. ಅಪ್ಪನಿಗೆ ಏನಾದರೂ ಹೇಳಬೇಕಾದರೆ ನನಗೆ ಹೇಳುತ್ತಿದ್ದಳು, ಅಪ್ಪ ಎದುರಿಗೇ ಕೂತಿರುತ್ತಿದ್ದ.

ಒಂದೆರಡು ದಿನ ಬಿಟ್ಟು ಅಪ್ಪ, ನಾನು ಇಬ್ಬರೇ ಬೋಟು ತೆಗೆದೆವು. ನಡುನೀರಿನಲ್ಲಿ ಅದು ಎಂದಿನಂತೆ ಕೆಮ್ಮಿ ನಿಂತಿತು. “ಹೋಗೋವಾಗ ಏನೋ ಮಾಡಿಟ್ಟು ಹೋಗಿದಾನೆ” ಎಂದ ಅಪ್ಪ. ಇಷ್ಟಾದರೂ ಬುದ್ಧಿ ಬರಲಿಲ್ಲವಲ್ಲ ಎಂದು ನನಗೆ ಮೈ ಉರಿಯಿತು. ಅವನು ಅಭ್ಯಾಸದಂತೆ ಕೀಲಿ ತೆಗೆದು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಎಂದೂ ಪ್ರಯಾಣಿಕರ ಗಲಾಟೆಯಲ್ಲಿ ಕೇಳಿಸದ ಒಂದು ಸದ್ದು ಆ ದಿನ ಕೇಳಿಸಿತು. ಟ್ಯಾಂಕು ಸುಸ್ಸೆಂದು ಗಾಳಿಯನ್ನು ಒಳಕ್ಕೆ ಎಳೆದುಕೊಂಡಿತು.

“ಅಪ್ಪ, ಅದೇನು ಸದ್ದು?”

ಅಪ್ಪ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ. ನಾನು ಹೋಗಿ ಸ್ಟಾರ್ಟರ್ ಒತ್ತಿದೆ. ಎರಡನೇ ಸಲಕ್ಕೆ ಎಂಜಿನ್ ಸ್ಟಾರ್ಟ್ ಆಯಿತು. ಮಾವ ಬಂದಿರಲಿಲ್ಲ, ಯಾರೂ ಏನನ್ನೂ ಮುಟ್ಟಿರಲಿಲ್ಲ. ಬೀಗ ಹಾಕಿ ವೇಗ ಕೊಟ್ಟೆವು, ಮತ್ತೆ ನಿಂತಿತು. ತೆಗೆದೆವು, ಮತ್ತೆ ಅದೇ ಸದ್ದು. ಕೊನೆಗೆ ಅಪ್ಪ ಮುಚ್ಚಳವನ್ನು ಸಡಿಲವಾಗಿಯೇ ಬಿಟ್ಟ. ಬೋಟು ಆಚೆ ದಡ ಮುಟ್ಟಿ ಹಿಂದಕ್ಕೆ ಬರುವವರೆಗೂ ಒಮ್ಮೆಯೂ ಕೆಮ್ಮಲಿಲ್ಲ.

ವಿಷಯ ಇಷ್ಟೇ. ಪೆಟ್ರೋಲ್ ಹೊರಗೆ ಹೋದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು. ಹಳೆಯ ಮುಚ್ಚಳದಲ್ಲಿ ಅದಕ್ಕೆಂದೇ ಸೂಜಿಮೊನೆಯಷ್ಟು ತೂತಿತ್ತು. ಅಪ್ಪ ತಂದದ್ದಕ್ಕೆ ತೂತಿರಲಿಲ್ಲ. ಅದು ಬಂದ ಕಾರಿನಲ್ಲಿ ಗಾಳಿಗೆ ಬೇರೆ ದಾರಿ ಇದ್ದಿರಬೇಕು. ಸಾಲದ್ದಕ್ಕೆ ರಬ್ಬರ್ ವಾಷರ್. ನಿಧಾನವಾಗಿ ಹೋದರೆ ಹೇಗೋ ನಡೆಯುತ್ತಿತ್ತು, ವೇಗ ಕೊಟ್ಟರೆ ಟ್ಯಾಂಕು ಪೆಟ್ರೋಲ್ ಬಿಡುತ್ತಿರಲಿಲ್ಲ. ಕದಿಯುತ್ತಾರೆಂದು ಹಾಕಿದ ಬೀಗವೇ ಎಂಜಿನ್ನಿನ ಕತ್ತು ಹಿಸುಕಿತ್ತು.

“ಮಾವ ಅಲ್ಲ ಅಪ್ಪ” ಎಂದೆ.

“ಗೊತ್ತಾಯ್ತು. ನಾನೇ ಹೇಳ್ತೀನಿ ಎಲ್ರಿಗೂ. ನೀನು ಬಾಯಿ ಬಿಡ್ಬೇಡ.”

ನಾನು ಬಾಯಿ ಬಿಡಲಿಲ್ಲ. ಅವನೂ ಬಿಡಲಿಲ್ಲ. ಹಳೆಯ ಮುಚ್ಚಳ ಹಾಕಿದ ಬೋಟು ಹಾರಿಕೊಂಡು ಓಡತೊಡಗಿತು, ಕಟ್ಟೆಯ ಜನ ಅಪ್ಪನ ಬೆನ್ನು ತಟ್ಟತೊಡಗಿದರು. ‘ನೋಡಿ, ಅವನು ಹೋದ, ಬೋಟು ಸರಿಹೋಯ್ತು. ಖಾತ್ರಿ ಹೇಳಿದ್ದೇ ನಿಜ’ ಎಂದು ಚಹಾದವನು ಬಂದವರಿಗೆಲ್ಲ ಸಾರಿದ. ಅಪ್ಪ ತಲೆ ತಗ್ಗಿಸಿ ಚಹಾ ಕುಡಿದ. ಮಾವ ಸೇರಿದ್ದ ಲಾರಿ ಗ್ಯಾರೇಜಿಗೂ ಸುದ್ದಿ ಹೋಯಿತು. ಯಜಮಾನ ಅವನನ್ನು ಎಂಜಿನ್ ಮುಟ್ಟಲು ಬಿಡದೆ ಬರೀ ಚಕ್ರ ಬಿಚ್ಚಲು ಹಾಕಿದ್ದಾನೆ ಎಂದು ತಿಳಿಯಿತು. ಅಪ್ಪ ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ನಾನು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ. ಹೆತ್ತ ತಂದೆಯ ಮೇಲೆ ನನಗೆ ಅಷ್ಟು ಅಸಹ್ಯ ಹುಟ್ಟಿದ್ದು ಅದೇ ಮೊದಲು.

ಒಂದು ಸಂಜೆ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಅಷ್ಟು ದಿನ ಮಾತು ಬಿಟ್ಟಿದ್ದ ಅಮ್ಮ ತಾನಾಗಿ ಕೇಳಿದಳು.

“ರೀ, ಎಲ್ರೂ ಹೇಳ್ತಿದಾರೆ, ಅವನು ಹೋದ್ಮೇಲೆ ಬೋಟು ಒಂದ್ಸಲವೂ ನಿಂತಿಲ್ವಂತೆ. ನಿಜ ಹೇಳಿ. ಅವನೇ ಮಾಡ್ತಿದ್ನಾ?”

ಅವಳ ದನಿಯಲ್ಲಿ ಜಗಳ ಇರಲಿಲ್ಲ. ತನ್ನ ಕೈಯಾರೆ ಉಣ್ಣಿಸಿ ಬೆಳೆಸಿದವನನ್ನು ಅವಳು ಅನುಮಾನಿಸುತ್ತಿದ್ದಳು. ಅಪ್ಪನ ಮುಖ ಬಿಳಿಚಿಕೊಂಡಿತು.

“ಇಲ್ಲ” ಎಂದ. “ಅವನಲ್ಲ. ನಾನು.” ಆಮೇಲೆ ಎಲ್ಲವನ್ನೂ ಹೇಳಿದ, ಎಂದಿನಿಂದ ಗೊತ್ತಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ.

ಅಮ್ಮ ಕೂಗಾಡಲಿಲ್ಲ. ಮಡಚಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು. “ನಾನೂ ಅವನ ಮೇಲೆ ಅನುಮಾನ ಪಡೋ ಹಾಗೆ ಮಾಡಿಬಿಟ್ರಲ್ಲ ನೀವು” ಎಂದಳು. ಅವಳು ಬೈದಿದ್ದರೆ ಅಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬೆಳಿಗ್ಗೆ ಅಪ್ಪ ನನ್ನನ್ನೂ ಕರೆದುಕೊಂಡು ಗ್ಯಾರೇಜಿಗೆ ಹೋದ. ಮಾವ ಲಾರಿಯ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅಪ್ಪ ಮೊದಲು ಯಜಮಾನನ ಹತ್ತಿರ ಹೋಗಿ, ಕೆಲಸದವರಿಗೆಲ್ಲ ಕೇಳುವ ಹಾಗೆ ಹೇಳಿದ. “ಇವನದು ಎಳ್ಳಷ್ಟೂ ತಪ್ಪಿಲ್ಲ. ಬೋಟು ಕೆಡಿಸಿದ್ದು ನಾನು. ಸುಳ್ಳು ಅಪವಾದ ಹೊರಿಸಿದ್ದೂ ನಾನು. ಕಟ್ಟೇಲೂ ಹೇಳಿ ಬಂದಿದೀನಿ.” ನಿಜ, ದಾರಿಯಲ್ಲಿ ಚಹಾದವನ ಮುಂದೆ ನಿಂತು ಹೇಳಿಯೇ ಬಂದಿದ್ದ.

ಮಾವ ಮುಚ್ಚಳದ ಕತೆಯನ್ನು ಕೇಳಿಸಿಕೊಂಡ. “ಅದಕ್ಕೇ ಅಲ್ವಾ ನಾನು ಕೀಲಿ ಕೇಳಿದ್ದು” ಎಂದಷ್ಟೇ ಅಂದು, ನಟ್ಟುಗಳನ್ನು ಡಬ್ಬಿಗೆ ಹಾಕತೊಡಗಿದ.

“ಮನೆಗೆ ಬಾರಪ್ಪ” ಎಂದ ಅಪ್ಪ.

ಮಾವ ತಲೆ ಎತ್ತಲಿಲ್ಲ. “ನೀವು ಅನುಮಾನ ಪಟ್ಟಿದ್ದು ಬಿಡಿ ಭಾವ, ನಿಮ್ಮ ನೆರಳನ್ನೂ ಬಿಟ್ಟವರಲ್ಲ ನೀವು. ನನಗೆ ಒಂದೇ ಬೇಕು. ಅಕ್ಕನಿಗೂ ಹಾಗೆ ಅನ್ನಿಸ್ತಾ?”

ಅಪ್ಪ ನನ್ನ ಕಡೆ ನೋಡಿದ. ನಾನು ನೆಲದ ಮೇಲಿನ ಎಣ್ಣೆಯ ಕಲೆಯನ್ನು ನೋಡಿದೆ.

“ನಿಮ್ಮಕ್ಕನಿಗಾ? ಒಂದು ಗಳಿಗೆಯೂ ಇಲ್ಲ” ಎಂದ ಅಪ್ಪ. “ನೀನು ಹೋದಾಗಿಂದ ನನ್ನ ಜೊತೆ ಮಾತೇ ಬಿಟ್ಟಿದಾಳೆ. ಬೇಕಾದ್ರೆ ಇವಳನ್ನ ಕೇಳು.”

“ಹೌದು ಮಾವ” ಎಂದೆ.

ಮಾವ ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆ ಮುಖದಲ್ಲಿ ಏನು ಕಂಡಿತೋ, ನಂಬಿದ. ಕೈ ತೊಳೆದುಕೊಂಡು ಬರುತ್ತೇನೆ ಎಂದು ನಲ್ಲಿಯ ಕಡೆ ನಡೆದ.